ಮರುತೂಕ

ಮೂವತ್ತನಾಲ್ಕು ವರ್ಷ ನಾನು ತೂಕ-ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರನಾಗಿದ್ದೆ. ಕಿರಾಣಿ ಅಂಗಡಿಯ ತಕ್ಕಡಿ, ಹತ್ತಿ ಮಾರುಕಟ್ಟೆಯ ಕಾಟಾ, ಆಸ್ಪತ್ರೆಯಲ್ಲಿ ಹಸುಗೂಸುಗಳನ್ನು ತೂಗುವ ತಟ್ಟೆ, ಇವೆಲ್ಲ ನಿಜ ಹೇಳುತ್ತಿವೆಯೇ ಎಂದು ಪರೀಕ್ಷಿಸಿ ಮುದ್ರೆ ಒತ್ತುವುದು ನನ್ನ ಉದ್ಯೋಗ. ಒಬ್ಬ ಮನುಷ್ಯನು ಇನ್ನೊಬ್ಬರಿಗಾಗಿ ಹೊರುವ ಭಾರವನ್ನೂ ತೂಗಲು ಬಂದರೆ ಏನಾದೀತು ಎಂದು ಆಗ ಯಾರಾದರೂ ಕೇಳಿದ್ದರೆ, ಒಳ್ಳೆಯದೇ ಆದೀತು, ತೂಕಕ್ಕೆ ಬಂದದ್ದರಲ್ಲಿ ತಕರಾರು ಉಳಿಯುವುದಿಲ್ಲ, ಎಂದು ಹೇಳುತ್ತಿದ್ದೆನೇನೋ.

ಆ ಕಾಲ ನನ್ನ ಮುಪ್ಪಿನಲ್ಲಿ ಬಂತು. ಮನೆಮನೆಗೆ ಹಾಸಿಗೆ ಹಿಡಿದವರು ಒಬ್ಬರಿದ್ದರು, ನೋಡಿಕೊಳ್ಳುವವರು ಅರ್ಧ ಜನರೂ ಇರಲಿಲ್ಲ. ಸರಕಾರವು ಆರೈಕೆ ಮಂಡಳಿಯನ್ನು ಕಟ್ಟಿ, ದಿನಕ್ಕೆ ನಾಲ್ಕು ತಾಸು ಮನೆಗೆ ಬಂದು ಕೈಜೋಡಿಸುವ ಸಹಾಯಕಿಯರನ್ನು ನೇಮಿಸಿತು. ಬೇಕೆನ್ನುವವರು ಲಕ್ಷ, ಸಹಾಯಕಿಯರು ಕೆಲವೇ ಸಾವಿರ. ಮೊದಮೊದಲು ಕಚೇರಿಗೆ ಹೋಗಿ ಅತ್ತವರಿಗೆ ಸಹಾಯ ಸಿಕ್ಕಿತು, ಅಳಲು ನಾಚಿಕೊಂಡವರಿಗೆ ಸಿಗಲಿಲ್ಲ. ಇದು ನ್ಯಾಯವಲ್ಲವೆಂದು ವಿಜ್ಞಾನಿಗಳು ಹೊರೆಮಾಪಕವನ್ನು ಮಾಡಿದರು.

ನನ್ನ ಹೆಂಡತಿ ದಾನಮ್ಮ ಲಿಂಗೈಕ್ಯಳಾಗಿ ಈಗ ಏಳು ತಿಂಗಳು. ಅದಕ್ಕೂ ನಾಲ್ಕು ವರ್ಷ ಮೊದಲು ಅವಳಿಗೆ ಲಕ್ವಾ ಹೊಡೆದು ಬಲಗೈ ಬಲಗಾಲು ಬಿದ್ದವು, ಮಾತು ಹೋಯಿತು. ಇಪ್ಪತ್ತೆಂಟು ವರ್ಷ ಅಂಗನವಾಡಿಯಲ್ಲಿ ಕೂಸುಗಳಿಗೆ ಹಾಡು ಹೇಳಿಕೊಟ್ಟ ಬಾಯಿ ಅದು. ಅದರಲ್ಲಿ ಉಳಿದದ್ದು ಒಂದೇ ಮಾತು, "ಆತು". ಹಸಿವಾದರೂ ಆತು, ಬೇಡವೆಂದರೂ ಆತು, ಸಿಟ್ಟು ಬಂದರೆ ಸ್ವಲ್ಪ ಉದ್ದವಾಗಿ ಆತು. ನಮಗೆ ಮಕ್ಕಳಿಲ್ಲ. ಬೆಟಗೇರಿಯ ನೇಕಾರರ ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಬಚ್ಚಲಿನಿಂದ ಮತ್ತೆ ಮಂಚಕ್ಕೆ, ಹೀಗೆ ದಿನಕ್ಕೆ ಇಪ್ಪತ್ತು ಸಲ ನಾನು ಅವಳನ್ನು ಎತ್ತುತ್ತಿದ್ದೆ. ಎತ್ತಿದಾಗಲೆಲ್ಲ, "ನೋಡು, ಹೂ ಎತ್ತಿದಂಗಾತು" ಎನ್ನುತ್ತಿದ್ದೆ. ಅವಳು ಅರ್ಧ ಬಾಯಿಂದ ನಗುತ್ತಿದ್ದಳು.

ಮೂರನೆಯ ವರ್ಷ ನನ್ನ ಬೆನ್ನು ಹಿಡಿಯಿತು. ಡಾಕ್ಟರು ಚಿತ್ರ ತೆಗೆಸಿ ನೋಡಿ, "ಬಣಕಾರ ಅವರೆ, ಇನ್ನು ಐದಾರು ತಿಂಗಳು ಹೀಗೆ ಎತ್ತಿದರೆ ನೀವೇ ಹಾಸಿಗೆ ಹಿಡಿಯುತ್ತೀರಿ. ಆಮೇಲೆ ಇಬ್ಬರನ್ನೂ ನೋಡುವವರು ಯಾರು?" ಎಂದರು. ಯಾರೆಂಬುದು ನನಗೆ ಗೊತ್ತಿತ್ತು. ನೋಡುವವರಿಲ್ಲದ ಹೆಂಗಸರನ್ನು ಮಂಡಳಿಯು ದೂರದ ಜಿಲ್ಲೆಯೊಂದರ ಆರೈಕೆ ನಿಲಯಕ್ಕೆ ಒಯ್ಯುತ್ತಿತ್ತು. ಅಲ್ಲಿ ಗಂಡಸರು ಇರುವಂತಿಲ್ಲ, ವಾರಕ್ಕೊಮ್ಮೆ ಹೋಗಿ ಒಂದು ತಾಸು ಮಾತಾಡಿಸಿ ಬರಬಹುದು. ಹೆಸರು ಹೇಳಲಾರದ, ನೀರು ಕೇಳಲಾರದ ದಾನಮ್ಮ ಅಲ್ಲಿ "ಆತು" ಎಂದರೆ ಯಾರಿಗೆ ತಿಳಿಯುತ್ತದೆ? ನಾನು ಅರ್ಜಿ ಹಾಕಿದೆ.

ಮಂಡಳಿಯಿಂದ ಬಂದವಳು ಶೈಲಾ ಹೂಗಾರ ಎಂಬ ಹುಡುಗಿ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಎರಡೂ ಅಂಗಾಲಿಗೆ ಚರ್ಮದಷ್ಟೇ ತೆಳುವಾದ ಪಟ್ಟಿಯನ್ನು ಅಂಟಿಸಿದಳು.

"ಇದೇನಬೇ ಯವ್ವಾ, ಪ್ಲಾಸ್ಟರ?" ಎಂದೆ.

"ಪ್ಲಾಸ್ಟರ ಅಂತನ ತಿಳೀರಿ ಅಜ್ಜಾರ. ಮುಂಜಾನೆ ಬರೇ ನಿಂತ್ರ ನಿಮ್ಮೊಬ್ಬರ ತೂಕ ಬರಕೋತೈತಿ. ಅವ್ವಾರನ್ನ ಎತ್ತಿ ನಿಂತ್ರ ಇಬ್ಬರದೂ. ಅದರಾಗ ನಿಮ್ದು ಕಳದ್ರ ಉಳಿದದ್ದು ಹೊರೆ. ಹತ್ತು ಕಿಲೊ ಒಂದ ಸಲ ಎತ್ತಿದ್ರ ಒಂದು ಹೊರೆ. ದಿನಕ್ಕ ನೂರು ಹೊರೆ ದಾಟಿದ್ರ ಸಹಾಯಕಿ ಬರ್ತಾಳ."

"ಅಂದ್ರ ಇದು ಕಾಟಾ."

"ಕಾಟಾನ ರೀ. ನೀವ ಅದರ ತಟ್ಟಿ."

ಮಂಚದ ಮೇಲಿಂದ ದಾನಮ್ಮ ನಕ್ಕಳು. ಊರ ತಟ್ಟೆಗಳನ್ನೆಲ್ಲ ಬೈದು ಮುದ್ರೆ ಹಾಕಿದ ಗಂಡನು ತಾನೇ ತಟ್ಟೆಯಾದನಲ್ಲ ಎಂದು ಅವಳಿಗೆ ಅನಿಸಿರಬೇಕು.

ನಾನು ಲೆಕ್ಕ ಹಾಕಿದ್ದೆ. ಆಸ್ಪತ್ರೆಯಲ್ಲಿ ತೂಗಿದಾಗ ದಾನಮ್ಮ ಐವತ್ತನಾಲ್ಕು ಕಿಲೊ. ಇಪ್ಪತ್ತು ಸಲ ಎತ್ತಿದರೆ ನೂರಾ ಎಂಟು ಹೊರೆ. ಜಪಮಾಲೆಯ ಮಣಿಗಳಷ್ಟು ಬಂತೆಂದು ಮನಸ್ಸಿಗೆ ಸಮಾಧಾನವೂ ಆಯಿತು. ತಿಂಗಳು ಕಳೆದ ಮೇಲೆ ಉತ್ತರ ಬಂತು. "ನಿಮ್ಮ ದಿನದ ಸರಾಸರಿ ಹೊರೆ ಐವತ್ತೆಂಟು. ಸಹಾಯ ಮಂಜೂರು ಮಾಡಲು ಬರುವುದಿಲ್ಲ."

ಪಕ್ಕದ ಮನೆಯ ಶೇವಂತಕ್ಕ ಮಗ್ಗದ ಮೇಲಿಂದ ಎದ್ದು ಬಂದು ಅದನ್ನು ಓದಿಸಿಕೊಂಡು ಕೇಳಿದಳು.

"ಇಟ್ಟಂಗಿ ಕಟ್ಟ್ರಿ ಅಣ್ಣಾರ" ಎಂದಳು. "ವೈನಿ ಸೆರಗಿನಾಗ ಎರಡು, ಕುಬಸದಾಗ ಒಂದು. ನೂರು ಯಾಕ, ಇನ್ನೂರು ಬರ್ತೈತಿ. ಯಾವ ದೇವರು ಬಂದು ನೋಡ್ತಾನ?"

"ದೇವರು ನೋಡದಿದ್ರ ನಾ ನೋಡ್ತೀನಲ್ಲ ಶೇವಂತಕ್ಕ."

"ಹೌದ ಬಿಡ್ರಿ. ಐವತ್ತು ಗ್ರಾಮಿನ ಸಲುವಾಗಿ ನಮ್ಮ ಮಾವನ ತಕ್ಕಡಿ ಹೊತಗೊಂಡು ಹೋದ ಪುಣ್ಯಾತ್ಮರು ನೀವು."

ದಾನಮ್ಮ "ಆತು" ಎಂದಳು. ಅದು ಯಾರ ಪರವಾಗಿ ಎಂಬುದು ತಿಳಿಯಲಿಲ್ಲ.

ಮರುದಿನ ಶೇವಂತಕ್ಕನನ್ನು ಅವಳ ಹತ್ತಿರ ಕೂರಿಸಿ ನಾನು ಮಂಡಳಿಯ ಕೇಂದ್ರಕ್ಕೆ ಹೋದೆ. ಹಳೆಯ ಗೋದಾಮಿನ ಮೇಲಂತಸ್ತಿನಲ್ಲಿ ಒಂದು ದೊಡ್ಡ ಕೋಣೆ. ಒಂದು ಗೋಡೆಯ ತುಂಬ ಇಡೀ ಜಿಲ್ಲೆಯ ನಕ್ಷೆ. ಯಾವ ಊರಿನಲ್ಲಾದರೂ ಯಾರಾದರೂ ಯಾರನ್ನಾದರೂ ಎತ್ತಿದರೆ ಅಲ್ಲೊಂದು ಚಿಕ್ಕ ದೀಪ ಹೊತ್ತುವುದು, ಇಳಿಸಿದರೆ ಆರುವುದು. ಬೆಳಗಿನ ಹತ್ತು ಗಂಟೆ, ಸ್ನಾನದ ಹೊತ್ತು. ನರಗುಂದದಲ್ಲಿ, ರೋಣದಲ್ಲಿ, ಮುಂಡರಗಿಯಲ್ಲಿ, ನನಗೆ ಹೆಸರು ಗೊತ್ತಿಲ್ಲದ ಎಷ್ಟೋ ಹಳ್ಳಿಗಳಲ್ಲಿ ದೀಪಗಳು ಹೊತ್ತಿ ಆರಿ ಹೊತ್ತುತ್ತಿದ್ದವು. ನಾನು ಅರಿಯದೆಯೇ ಕೈಮುಗಿದೆ.

"ಮೊದಲನೆ ಸಲ ಬಂದವರು ಭಾಳ ಮಂದಿ ಹಿಂಗ ಮಾಡ್ತಾರ್ರಿ" ಎಂದು ಹಿಂದಿನಿಂದ ಒಬ್ಬರು ಹೇಳಿದರು. ಕೇಂದ್ರದ ಮೇಲ್ವಿಚಾರಕರಾದ ನದಾಫರು. ಮೂವತ್ತೈದರ ಪ್ರಾಯ, ಮೃದು ಮಾತು. ನನ್ನ ಹೆಸರು ಕೇಳಿ ಪರದೆಯ ಮೇಲೆ ಒಂದು ಹಾಳೆ ತೆರೆದರು. "ಸಲ ಬರೋಬ್ಬರಿ ಅದಾವ್ರಿ, ದಿನಕ್ಕ ಇಪ್ಪತ್ತು. ಆದ್ರ ಒಂದ ಸಲಕ್ಕ ಎತ್ತೂದು ಇಪ್ಪತ್ತೊಂಬತ್ತು ಕಿಲೊ ಅಷ್ಟ."

"ನನ್ನ ಮನಿಯಾಕಿ ಐವತ್ತನಾಲ್ಕು ಅದಾಳ."

"ಇರಬಹುದು. ಪಟ್ಟಿ ಇಪ್ಪತ್ತೊಂಬತ್ತು ಅಂತೈತಿ."

"ಹಂಗಾದ್ರ ಪಟ್ಟಿ ಸುಳ್ಳು. ಮುದ್ರೆ ಒತ್ತಿದ ತೂಕದ ಕಲ್ಲು ತರಸ್ರಿ."

ಅವರು ನಕ್ಕು, ಕೆಳಗಿನ ಗೋದಾಮಿನಿಂದ ಇಪ್ಪತ್ತು ಕಿಲೊದ ಎರಡು ಕಬ್ಬಿಣದ ತೂಕಗಳನ್ನು ತರಿಸಿದರು. ಒಂದರ ಮೇಲೆ ಹದಿನಾರು ವರ್ಷದ ಹಿಂದೆ ನಾನೇ ಒತ್ತಿದ ಮುದ್ರೆಯಿತ್ತು. ಅಂಗಾಲಿನಲ್ಲಿ ಪಟ್ಟಿ ಇದ್ದೇ ಇತ್ತು, ಬೆನ್ನು ಬೇಡವೆನ್ನುತ್ತಿದ್ದರೂ ಒಂದನ್ನು ಎತ್ತಿ ನಿಂತೆ. ಪರದೆಯ ಮೇಲೆ ಇಪ್ಪತ್ತು ಎಂದು ಬಂತು. ಅದನ್ನು ಇಳಿಸಿ ಇನ್ನೊಂದನ್ನು ಎತ್ತಿದೆ. ಮತ್ತೆ ಇಪ್ಪತ್ತು. ಬಾಗಿ ಎತ್ತಿದೆ, ತಿರುಗಿ ಎತ್ತಿದೆ. ಒಂದು ಗ್ರಾಮೂ ಆಚೀಚೆ ಆಗಲಿಲ್ಲ. ಇಷ್ಟು ಸಾಚಾ ಕಾಟಾವನ್ನು ನನ್ನ ನೌಕರಿಯಲ್ಲಿ ಕಂಡಿರಲಿಲ್ಲ. ಸುಳ್ಳೆಂದು ಹೇಳಲು ಬಂದವನು, "ಪಟ್ಟಿ ಖರೆ ಐತಿ" ಎಂದು ಹೇಳಬೇಕಾಯಿತು.

"ನಿಮ್ಮ ಕೇಸು ನೀವ ಸೋತ್ರಲ್ರಿ ಸಾಹೇಬ್ರ" ಎಂದರು ನದಾಫರು. ಆದರೆ ನನ್ನ ಮುಖ ನೋಡಿ ಅವರಿಗೆ ಏನನಿಸಿತೋ, "ಮರುತೂಕ ಅಂತ ಒಂದು ಐತಿ" ಎಂದರು. "ಹದಿನೈದು ದಿನದ ಮ್ಯಾಲ ನಮ್ಮ ಹುಡುಗಿ ಮನಿಗೆ ಬರ್ತಾಳ. ನೀವು ಆಕಿ ಮುಂದ ಮೂರು ಸಲ ಎತ್ತಬೇಕು. ಮೂರರಾಗ ಎರಡು ತೂಕ ಒಂದ ಬಂದು ಒಂದಕ್ಕೊಂದು ಕೂಡಿದ್ರ ಅದ ನಿಜವಾದ ತೂಕ ಅಂತ ಬರಕೋತೀವಿ. ಆದ್ರ ಅದು ಒಂದ ಸಲ ರೀ. ಅದರಾಗ ಬರಲಿಲ್ಲ ಅಂದ್ರ ಮುಂದ ಒಂದು ವರ್ಷ ಅರ್ಜಿ ಹಾಕಾಕ ಬರೂದಿಲ್ಲ."

ಒಂದು ವರ್ಷ ನನ್ನ ಬೆನ್ನು ತಾಳುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ದಿನಾಲು ಬೆಳಿಗ್ಗೆ ನನ್ನ ಪೂಜೆ ಮುಗಿದ ಮೇಲೆ ದಾನಮ್ಮನ ಪೂಜೆ. ಅವಳನ್ನು ದಿಂಬಿಗೆ ಆನಿಸಿ ಕೂರಿಸಿ, ಅವಳ ಕೊರಳಿನ ಇಷ್ಟಲಿಂಗವನ್ನು ಬಿಚ್ಚಿ ಎಡಗೈಯ ಮೇಲೆ ಇಡುತ್ತಿದ್ದೆ. ಲಿಂಗ ಹಿಡಿಯುವ ಕೈ ಎಡಗೈ, ಶಿವನು ಅದೊಂದನ್ನು ಅವಳಿಗೆ ಉಳಿಸಿದ್ದನು. ಬಲಗೈ ಮಾಡಬೇಕಾದದ್ದನ್ನು ನಾನು ಮಾಡುತ್ತಿದ್ದೆ, ವಿಭೂತಿ ಹಚ್ಚುವುದು, ಪತ್ರಿ ಏರಿಸುವುದು. ಮುಂದಿನ ಬೆಳಿಗ್ಗೆ ಹಾಗೆ ಲಿಂಗವನ್ನು ಇಡುವಾಗ ನನ್ನ ಬೆರಳು ಅವಳ ಅಂಗೈಗೆ ತಾಗಿತು. ಒರಟಾಗಿತ್ತು. ಅಷ್ಟು ದಿನ ನನ್ನ ಕಣ್ಣು ಲಿಂಗದ ಮೇಲೆ ಇರುತ್ತಿತ್ತು, ಕೈಯ ಮೇಲೆ ಇರುತ್ತಿರಲಿಲ್ಲ. ಪೂಜೆ ಮುಗಿಸಿ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿದೆ. ಹೆಬ್ಬೆರಳ ಬುಡದಿಂದ ಕಿರುಬೆರಳ ಬುಡದವರೆಗೆ ಜಡ್ಡುಗಟ್ಟಿತ್ತು, ಹಮಾಲರ ಕೈಯಂತೆ. ಮೂರು ವರ್ಷದಿಂದ ಒಂದು ತಂಬಿಗೆ ಎತ್ತದ ಕೈಗೆ ಜಡ್ಡು ಎಲ್ಲಿಂದ ಬಂತು?

ಅವಳು ಕೈಯನ್ನು ಎಳೆದುಕೊಂಡು ಸೀರೆಯ ಕೆಳಗೆ ಇಟ್ಟಳು.

ಹತ್ತಿ ಮಾರುಕಟ್ಟೆಯಲ್ಲಿ ರೈತರ ಹತ್ತಿ ತುಂಬಿದ ಅಂಡಿಗೆ ಚೀಲ ತೂಗುವಾಗ ಕೆಲವು ದಲಾಲರ ಆಳುಗಳು ಒಂದು ಕುಶಲತೆ ತೋರಿಸುತ್ತಿದ್ದರು. ಅಂಡಿಗೆಯ ಆಚೆ ನಿಂತು ಅದರ ಅಡಿಗೆ ಮೆಲ್ಲಗೆ ಮೊಣಕಾಲು ಕೊಡುವುದು. ಕಾಟಾ ಸಾಚಾ ಇರುತ್ತದೆ, ಹತ್ತಿಯೂ ಅಷ್ಟೇ ಇರುತ್ತದೆ, ತೂಕ ಮಾತ್ರ ಎಂಟು ಹತ್ತು ಕಿಲೊ ಇಳಿದಿರುತ್ತದೆ. ನೌಕರಿಗೆ ಸೇರಿದ ಹೊಸತರಲ್ಲಿ ನಮಗೆ ಕಲಿಸಿದ ಮೊದಲ ಪಾಠ ಇದು: ಕಾಟಾ ಖರೆ ಇದ್ದು ತೂಕ ಕಡಿಮೆ ಬಂದರೆ ಕಾಟಾ ನೋಡಬೇಡ, ಆಚೆ ಬದಿ ಹೋಗಿ ನೋಡು.

ಅವತ್ತು ಅವಳನ್ನು ಕುರ್ಚಿಗೆ ಎತ್ತುವಾಗ ನಾನು ಅವಳ ಮುಖವನ್ನು ಬಿಟ್ಟು ಆಚೆ ಬದಿ ನೋಡಿದೆ. ನಾನು ಬಾಗುತ್ತಲೂ ಅವಳ ಎಡಗೈ ಮಂಚದ ಕಬ್ಬಿಣದ ಕಂಬಿಗೆ ಹೋಯಿತು. ಎಡಗಾಲಿನ ಹಿಮ್ಮಡಿ ಹಾಸಿಗೆಗೆ ಊರಿತು. ಉಸಿರು ಹಿಡಿದು, ತುಟಿ ಕಚ್ಚಿ, ಅರ್ಧ ದೇಹದಿಂದ ಇನ್ನರ್ಧ ದೇಹವನ್ನು ತಾನೇ ಮೇಲಕ್ಕೆ ನೂಕಿಕೊಂಡಳು. ಕುರ್ಚಿಯಲ್ಲಿ ಕೂತ ಮೇಲೆ ಕೈಯನ್ನು ಮೆಲ್ಲಗೆ ತೊಡೆಯ ಮೇಲೆ ಇಟ್ಟುಕೊಂಡು, ನಾನು ಹೇಳುವ ಮಾತಿಗಾಗಿ ಕಾದಳು. ಹೂ ಎತ್ತಿದಂಗಾತು ಎಂಬ ಮಾತಿಗಾಗಿ.

ಆರು ತಿಂಗಳಿನಿಂದ ಅವಳಿಗೆ ಎಡ ರಟ್ಟೆ ನೋಯುತ್ತಿತ್ತು. ತಲೆ ಬಾಚುವಾಗ ನರಳುತ್ತಿದ್ದಳು. ವಾಯುವೆಂದು ಎಣ್ಣೆ ತಿಕ್ಕುತ್ತಿದ್ದೆ. ಇರುವ ಒಂದು ಕೈಯನ್ನೂ ಅವಳು ನನ್ನ ಬೆನ್ನಿಗಾಗಿ ಸವೆಸುತ್ತಿದ್ದಳು.

"ಇನ್ನ ಹಿಂಗ ಮಾಡಬ್ಯಾಡ" ಎಂದೆ. "ಇದ್ದ ಒಂದ ಕೈನೂ ಹೋಗ್ತೈತಿ ನಿಂದು. ಮ್ಯಾಲ ಆ ಸಹಾಯಕಿನೂ ಬರೂದಿಲ್ಲ."

ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಉದ್ದವಾಗಿ "ಆತೂ" ಎಂದಳು.

ಮುಂದಿನ ಸಲವೂ ಕೈ ಕಂಬಿಗೇ ಹೋಯಿತು, ಕುರ್ಚಿಯಿಂದ ಎತ್ತಿದರೆ ಕುರ್ಚಿಯ ತೋಳಿಗೆ. ಕಂಬಿಗೆ ದುಪ್ಪಟಿ ಸುತ್ತಿದೆ, ಬೆರಳಿನಿಂದ ಸರಿಸಿದಳು. ಕೈಯಲ್ಲಿ ನಿಂಬೆಹಣ್ಣು ಕೊಟ್ಟು ಹಿಡಿದುಕೋ ಎಂದೆ, ಅದನ್ನು ಶೇವಂತಕ್ಕನ ಬೆಕ್ಕಿಗೆ ಎಸೆದಳು. ಒಂದು ವಾರ ಹೀಗೆಯೇ ಹೋಯಿತು.

ನಾನು ಮತ್ತೆ ಕೇಂದ್ರಕ್ಕೆ ಹೋಗಿ ನದಾಫರಿಗೆ ಇದ್ದದ್ದನ್ನು ಹೇಳಿದೆ. ಅವರು ಮೊದಲ ತಿಂಗಳ ಎತ್ತುವಿಕೆಗಳನ್ನೆಲ್ಲ ಪರದೆಯ ಮೇಲೆ ಗೆರೆಯಾಗಿ ಬಿಡಿಸಿದರು.

"ಇಲ್ಲಿ ನೋಡ್ರಿ. ಮೊದಲನೆ ದಿನ ಮೂವತ್ತೆಂಟು. ಆಮ್ಯಾಲ ಇಳಕೋತ ಬಂದೈತಿ. ಕಡೀಕ ಇಪ್ಪತ್ತನಾಲ್ಕು. ನೀವು ದಣದಂಗ ಅವರು ಹೆಚ್ಚ ನೂಕ್ಯಾರ." ಬೆರಳು ಒಂದು ಕಡೆ ನಿಂತಿತು. "ಹನ್ನೊಂದನೆ ತಾರೀಖಿಗೆ ಏನಾಗಿತ್ರಿ? ಆ ದಿನ ಬರೇ ಹದಿನೇಳು."

ನೆನಪಾಯಿತು. ಅವತ್ತು ಬೆಳಿಗ್ಗೆ ಎತ್ತುವಾಗ ನನ್ನ ಬಾಯಿಂದ ಒಂದು ನರಳುವಿಕೆ ತಪ್ಪಿ ಹೊರಗೆ ಬಂದಿತ್ತು. ಅವಳು ಕೇಳಿರಲಿಕ್ಕಿಲ್ಲವೆಂದು ಎಣಿಸಿದ್ದೆ.

ನದಾಫರು ಕನ್ನಡಕ ತೆಗೆದು ಒರೆಸಿಕೊಂಡರು. ಗೋಡೆಯ ಮೇಲೆ ದೀಪಗಳು ಹೊತ್ತಿ ಆರುತ್ತಿದ್ದವು. "ಇಷ್ಟ ವರ್ಷ ಇದನ್ನ ನೋಡ್ತೀನ್ರಿ ನಾ. ಎತ್ತಿದವರ ಹೊರೆ ಬರೀಲಿಕ್ಕ ಇದರಾಗ ಜಾಗಾ ಐತಿ. ಎತ್ತಿಸಿಕೊಂಡವರು ಎಷ್ಟು ಹೊತ್ತರು ಅನ್ನೂದಕ್ಕ ಜಾಗಾ ಇಲ್ಲ. ಮ್ಯಾಲಿನವರಿಗೆ ಬರದು ಕಳಸ್ತೀನಿ. ಆದ್ರ ಅದು ಬದಲಾಗೂದರಾಗ ಎರಡು ವರ್ಷ ಹಿಡೀತೈತಿ. ನಿಮ್ಮ ಮರುತೂಕ ಗುರುವಾರ ಐತಿ."

"ಆಕಿ ಕೇಳವಲ್ಲಳು. ಎಷ್ಟು ಹೇಳಿದ್ರೂ ಕೈ ಊರತಾಳ."

"ಒಂದ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮಗ ಭಾರ ಆಗ್ತೈತಿ ಅಂತ ಅವರಿಗೆ ಎಂದರ ಹೇಳೀರೇನು?"

"ಅದನ್ನ ಹ್ಯಾಂಗ ಹೇಳೂದು? ಹೂ ಎತ್ತಿದಂಗಾತು ಅಂತ ಹೇಳ್ತೀನಿ."

ಅವರು ಪರದೆಯ ಗೆರೆಯನ್ನೇ ನೋಡುತ್ತಿದ್ದರು. "ಅದಕ್ಕ ಅವರು ಹೂವಾಗಾಕ ಹತ್ಯಾರ್ರಿ" ಎಂದರು.

ಬಸ್ಸಿನಲ್ಲಿ ಬರುವಾಗ ಆ ಮಾತು ಎದೆಯಲ್ಲಿ ಕೂತಿತ್ತು. ಊರಿನಲ್ಲಿ ಒಂದು ಸುಳ್ಳು ತೂಕ ಇರಗೊಡದ ನಾನು, ಮನೆಯಲ್ಲಿ ದಿನಕ್ಕೆ ಇಪ್ಪತ್ತು ಸಲ ಸುಳ್ಳು ತೂಕ ಹೇಳುತ್ತಿದ್ದೆ. ಪ್ರೀತಿಯಿಂದ ಹೇಳಿದೆ, ನಿಜ. ಆ ಸುಳ್ಳನ್ನು ಖರೆ ಮಾಡುವ ಕೆಲಸವನ್ನು ಅವಳು ತನ್ನ ಒಂದೇ ಕೈಗೆ ಹಚ್ಚಿಕೊಂಡಿದ್ದಳು.

ಗುರುವಾರ ಬೆಳಿಗ್ಗೆ ಶೇವಂತಕ್ಕ ಬಂದು ದಾನಮ್ಮನಿಗೆ ಜರಿಯಂಚಿನ ಸೀರೆ ಉಡಿಸಿದಳು. "ಇವತ್ತರ ಸುಮ್ಮಕಿರಬೇ ವೈನಿ. ಕೈ ಕಾಲು ಬಿಟ್ಟು ಜ್ವಾಳದ ಚೀಲ ಆಗಿಬಿಡು" ಎಂದು ಹೇಳಿ ತನ್ನ ಮನೆಗೆ ಹೋದಳು. ಹನ್ನೊಂದಕ್ಕೆ ಶೈಲಾ ಬಂದು ಹೊಸ ಪಟ್ಟಿ ಅಂಟಿಸಿದಳು. ಮಂಚದಿಂದ ಕುರ್ಚಿಗೆ ಮೂರು ಸಲ, ಎತ್ತಿದ ಮೇಲೆ ಹತ್ತು ಎಣಿಸುವವರೆಗೆ ನಿಲ್ಲಬೇಕು, ತಾನು ನಡುವೆ ಕೈ ಹಚ್ಚುವಂತಿಲ್ಲ, ಎಂದು ನಿಯಮ ಹೇಳಿದಳು.

ಮೊದಲನೆಯ ಸಲ ಎತ್ತಿದೆ. ಹೂವಿನ ಮಾತು ಹೇಳಲಿಲ್ಲ. ಕೈ ಕಂಬಿಯ ಮೇಲೆಯೇ ಇತ್ತು.

ಶೈಲಾ ಸಣ್ಣ ದನಿಯಲ್ಲಿ "ಇಪ್ಪತ್ತಾರು" ಎಂದಳು. "ಇನ್ನ ಎರಡು ಅದಾವ ಅಜ್ಜಾರ. ಎರಡೂ ಕೂಡಬೇಕು."

ದಾನಮ್ಮನನ್ನು ಮತ್ತೆ ಮಂಚಕ್ಕೆ ಸೇರಿಸಿ ಅವಳ ಬದಿಗೆ ಕೂತೆ. ಆ ಹುಡುಗಿಯ ಮುಂದೆ ಹೇಳಲು ನಾಚಿಕೆಯಾಯಿತು. ಶೈಲಾ ಅದನ್ನು ತಿಳಿದು, ಬಾಗಿಲ ಹತ್ತಿರ ಹೋಗಿ ಓಣಿಯನ್ನು ನೋಡುತ್ತ ನಿಂತಳು.

"ದಾನಮ್ಮ" ಎಂದೆ. "ನೀ ಹೂ ಅಲ್ಲ. ಮೂರು ವರ್ಷ ನಾ ಸುಳ್ಳ ಹೇಳೇನಿ. ನೀ ಭಾರ ಅದಿ. ಐವತ್ತನಾಲ್ಕು ಕಿಲೊ ಅದಿ. ನನ್ನ ಬೆನ್ನು ಮುರದು ಹೋಗೇತಿ. ಸಂಜೀಕ ಪತ್ರಿ ಹರಿಯಾಕಂತ ಹಿತ್ತಲಕ್ಕ ಹೋಗ್ತೀನಲ್ಲ, ಅರ್ಧ ತಾಸು. ಪತ್ರಿ ಹರಿಯಾಕ ಐದು ನಿಮಿಷ ಸಾಕು. ಉಳಿದದ್ದು ಗ್ವಾಡಿ ಹಿಡಕೊಂಡು ಬೆನ್ನು ನೆಟ್ಟಗ ಮಾಡಿಕೊಳ್ಳಾಕ ಬೇಕು. ನೀ ನೋಡಬಾರದಂತ ಅಲ್ಲಿ ಹೋಗ್ತೀನಿ."

ಅವಳ ಕಣ್ಣು ನನ್ನ ಮೇಲೆ ನಿಂತಿತ್ತು. ಎಡಗಣ್ಣಿನಲ್ಲಿ ನೀರು ಬಂತು. ಬಲಗಣ್ಣಿನಲ್ಲಿ ಯಾವಾಗಲೂ ಇರುತ್ತಿತ್ತು.

"ನಿನ್ನ ಆ ನಿಲಯಕ್ಕ ಒಯ್ದ್ರ ನಾ ಬದುಕೂದಿಲ್ಲ. ಭಾರ ಅಂತ ಅಂದ್ನಲ್ಲಾ ಅಂತ ಮನಸಿಗೆ ಹಚ್ಚಿಕೋಬ್ಯಾಡ. ಭಾರ ಇದ್ದದ್ದು ಇರ್ಲಿ. ಒಂದ ಸಲ ಪೂರಾ ನನ್ನ ಮ್ಯಾಲ ಬಿಡು. ನಾ ಬೀಳೂದಿಲ್ಲ. ಬಿದ್ರ ಇಬ್ಬರೂ ಕೂಡೇ ಬೀಳೂಣು."

ಅವಳು ತನ್ನ ಕೈಯನ್ನು ನೋಡಿಕೊಂಡಳು, ಅದು ಬೇರೆ ಯಾರದೋ ಎಂಬಂತೆ. ಕಂಬಿಯಿಂದ ಒಂದೊಂದೇ ಬೆರಳು ಬಿಡಿಸಿದಳು. ಕೈಯನ್ನು ಎತ್ತಿ ನನ್ನ ಕೊರಳಿಗೆ ಹಾಕಿದಳು. ಮದುವೆಯಾಗಿ ನಲವತ್ತಾರು ವರ್ಷ, ಮೂರನೆಯವರ ಮುಂದೆ ಅವಳು ಹೀಗೆ ಮಾಡಿದ್ದು ಅದೇ ಮೊದಲು.

ಎರಡನೆಯ ಸಲ ಎತ್ತಿದೆ. ನನ್ನ ಎಣಿಕೆಗೆ ಮೀರಿದ ಭಾರ ಒಮ್ಮೆಲೆ ಎದೆಯ ಮೇಲೆ ಬಂತು. ಕಣ್ಣಿಗೆ ಕಪ್ಪು ಕಟ್ಟಿತು. ಮನಸ್ಸಿನಲ್ಲಿ ಶಿವನಾಮ ಎಣಿಸಿದೆ, ಹತ್ತಕ್ಕೆ ಹನ್ನೊಂದು ಎಣಿಸಿ ಕುರ್ಚಿಗೆ ಇಳಿಸಿದೆ. ಅವಳ ತಲೆ ಅಷ್ಟು ಹೊತ್ತೂ ನನ್ನ ಹೆಗಲ ಮೇಲೆ ಇತ್ತು. ಅಷ್ಟು ಸಡಿಲವಾಗಿ ಅವಳು ಆ ಮೂರು ವರ್ಷದಲ್ಲಿ ನಿದ್ದೆಯಲ್ಲಿಯೂ ಇರಲಿಲ್ಲ.

"ಐವತ್ತನಾಲ್ಕು" ಎಂದಳು ಶೈಲಾ.

ಮೂರನೆಯದು ಉಳಿಯಿತು. ಅದು ಬಾರದಿದ್ದರೆ ಎರಡನೆಯದೂ ಲೆಕ್ಕಕ್ಕಿಲ್ಲ. ಬೆನ್ನಿನಲ್ಲಿ ಬೆಂಕಿ ಹತ್ತಿದಂತಿತ್ತು. ಶೈಲಾ, "ಒಂದು ತಾಸು ಬಿಟ್ಟು ಮಾಡೂಣೇನ್ರಿ?" ಎಂದಳು. ಒಂದು ತಾಸು ಬಿಟ್ಟರೆ ನಾನು ಏಳುವುದಿಲ್ಲವೆಂದು ಗೊತ್ತಿತ್ತು. ದಾನಮ್ಮನನ್ನು ಮಂಚಕ್ಕೆ ಮರಳಿಸಿ, ನೀರು ಕುಡಿದು ಬಾಗಿದೆ. ಬಾಗುವಾಗ ಬಾಯಿಂದ ನರಳುವಿಕೆ ಹೊರಟೇಬಿಟ್ಟಿತು. ಈ ಸಲ ತಡೆಯಲಿಲ್ಲ. ಅವಳ ಕೈ ಬೆಚ್ಚಿ ಕಂಬಿಯ ಕಡೆಗೆ ಅರ್ಧ ದಾರಿ ಹೋಯಿತು. ಅಲ್ಲಿಯೇ ಗಾಳಿಯಲ್ಲಿ ನಿಂತಿತು. ಮೆಲ್ಲಗೆ ಹಿಂದಕ್ಕೆ ಬಂದು ನನ್ನ ಕೊರಳನ್ನೇ ಸುತ್ತಿತು. ಎತ್ತಿ ನಿಂತೆ. ಹತ್ತು ಎಣಿಸಿದೆ.

ಶೈಲಾ ಸಂಖ್ಯೆ ಹೇಳಲಿಲ್ಲ. ಓಡಿ ಬಂದು ಕುರ್ಚಿಯನ್ನು ನಮ್ಮ ಕಡೆಗೆ ದೂಡಿ, "ಇಳಸ್ರಿ ಅಜ್ಜಾರ, ಕೂಡಿತು" ಎಂದಳು.

ಅವತ್ತಿನಿಂದ ಹನ್ನೆರಡನೆಯ ದಿನಕ್ಕೆ ಕಸ್ತೂರಿ ಬಂದಳು. ಹುಲಕೋಟಿಯ ಕಡೆಯವಳು, ನಲವತ್ತರ ಗಟ್ಟಿ ಹೆಂಗಸು. ಬೆಳಿಗ್ಗೆ ಹತ್ತರಿಂದ ಎರಡರವರೆಗೆ ಸ್ನಾನ, ಊಟ, ಬಟ್ಟೆ, ತೋಳಿಗೆ ವ್ಯಾಯಾಮ ಎಲ್ಲ ಅವಳದೇ. ಎತ್ತುವ ರೀತಿಯನ್ನು ನನಗೂ ಕಲಿಸಿದಳು, ಬೆನ್ನಿನಿಂದ ಎತ್ತಬಾರದು, ತೊಡೆಯಿಂದ ಎತ್ತಬೇಕು ಎಂದು. ನಾನು ಮೂರು ವರ್ಷ ತ್ರಾಸು ಪಟ್ಟದ್ದನ್ನು ಅವಳು ಹಾಡು ಹೇಳುತ್ತ ಮಾಡುತ್ತಿದ್ದಳು. ಆ ನಾಲ್ಕು ತಾಸಿನಲ್ಲಿ ನಾನು ನಿದ್ದೆ ಮಾಡಿದೆ, ಮಠಕ್ಕೆ ಹೋಗಿ ಬಂದೆ, ಒಂದು ದಿನ ಸುಮ್ಮನೆ ಮಾರುಕಟ್ಟೆಯಲ್ಲಿ ನಿಂತು ಬದನೆಕಾಯಿ ನೋಡಿದೆ. ನನ್ನ ಪಾಲಿಗೆ ದಿನಕ್ಕೆ ಎಂಟು ಸಲ ಎತ್ತುವುದು ಉಳಿಯಿತು. ಡಾಕ್ಟರು ಬೆನ್ನು ನೋಡಿ, ಹೀಗಿದ್ದರೆ ಚಿಂತೆಯಿಲ್ಲ ಎಂದರು.

ಒಂದು ತಿಂಗಳಾದ ಮೇಲೆ ಕಸ್ತೂರಿ ನನ್ನನ್ನು ಪಡಸಾಲೆಗೆ ಕರೆದಳು. ಸಹಾಯಕಿಯರ ಅಂಗಾಲಿಗೂ ಪಟ್ಟಿ ಇರುತ್ತಿತ್ತು.

"ಕಾಕಾರ, ಒಂದು ಮಾತು. ನಿಮ್ಮ ಪಟ್ಟಿಗೆ ಅವ್ವಾರು ಐವತ್ತನಾಲ್ಕು ಬರ್ತಾರಂತ ಕಾಗದದಾಗ ಐತಿ. ನನ್ನ ಪಟ್ಟಿಗೆ ನಲವತ್ತರ ಮ್ಯಾಲ ಬರವಲ್ಲರು. ನಾ ಎತ್ತಾಕ ಹ್ವಾದ್ರ ಕಾಲು ಊರತಾರ. ಬ್ಯಾಡ್ರೆವ್ವಾ ಅಂದ್ರ ಕೇಳೂದಿಲ್ಲ."

ನಾನು ಒಳಗೆ ಹೋಗಿ ಕೇಳಿದೆ. "ಯಾಕ? ಅದ ಆಕಿ ಕೆಲಸ. ಆಕಿ ಬಂದದ್ದ ಅದಕ್ಕ."

ದಾನಮ್ಮ ಪಡಸಾಲೆಯ ಕಡೆ ಕಣ್ಣು ಹಾಯಿಸಿ, ಹುಬ್ಬು ಏರಿಸಿ, ಸಣ್ಣ ದನಿಯಲ್ಲಿ "ಆತು" ಎಂದಳು. ಪರರ ಮನೆಯ ಮಗಳ ಮೇಲೆ ಮೈಯೆಲ್ಲ ಹಾಕಲು ಬರುತ್ತದೆಯೇ, ಅಷ್ಟು ತಿಳಿಯುವುದಿಲ್ಲವೇ ನಿಮಗೆ, ಎಂಬುದು ಅದರ ಅರ್ಥ. ಕಸ್ತೂರಿಗೆ ಹೇಳಿದಾಗ ಅವಳು ನಕ್ಕು, "ಹಂಗಾದ್ರ ಸ್ವಲ್ಪ ಊರ್ಲಿ ಬಿಡ್ರಿ, ಕಾಲಿಗೆ ವ್ಯಾಯಾಮ ಆಕ್ಕೈತಿ" ಎಂದಳು.

ದಾನಮ್ಮ ಆಮೇಲೆ ಹನ್ನೊಂದು ತಿಂಗಳು ನಮ್ಮ ಮನೆಯಲ್ಲಿಯೇ ಇದ್ದಳು. ಸಂಜೆ ಆರಕ್ಕೆ ಅವಳನ್ನು ಕಿಟಕಿಯ ಬದಿಯ ಕುರ್ಚಿಗೆ ಸೇರಿಸಬೇಕಾಗಿತ್ತು. ಮೊದಲು ಹೆದರುತ್ತಿದ್ದ ಆ ಹೊತ್ತಿಗಾಗಿ ನಾನು ಮೂರು ಗಂಟೆಯಿಂದಲೇ ಗಡಿಯಾರ ನೋಡುತ್ತಿದ್ದೆ. ಒಳಗೆ ಹೋದರೆ ಅವಳು ಎಡಗೈಯನ್ನು ಆಗಲೇ ನನ್ನ ಕಡೆಗೆ ಎತ್ತಿ ಹಿಡಿದಿರುತ್ತಿದ್ದಳು. ನಾನು ಬಾಗಿ ಎತ್ತುತ್ತಿದ್ದೆ. ಇಡೀ ದಿನ ಯಾರಿಗೂ ಕೊಡದೆ ಇಟ್ಟುಕೊಂಡಿದ್ದ ಐವತ್ತನಾಲ್ಕು ಕಿಲೊವನ್ನೂ ಅವಳು ನನ್ನ ಕೊರಳಿಗೆ ಬಿಡುತ್ತಿದ್ದಳು. ನಾನು "ಭಾರ ಅದೀಬೇ" ಎನ್ನುತ್ತಿದ್ದೆ. ಕುರ್ಚಿ ಪಕ್ಕದಲ್ಲಿಯೇ ಇರುತ್ತಿತ್ತು. ಇಳಿಸಲು ನಾನು ಅವಸರ ಮಾಡುತ್ತಿರಲಿಲ್ಲ.